ಕಬ್ಬಿನ ಅಂಗಳದ ಆಂಟೆನಾ

ಜಮಖಂಡಿ ದಾರಿಯ ಸಕ್ಕರೆ ಕಾರ್ಖಾನೆಯಲ್ಲಿ ನನ್ನ ಗಂಡ ಯಲ್ಲಾಲಿಂಗ ಆಂಟೆನಾ ಕಂಬದಿಂದ ಬಿದ್ದು ಸತ್ತರು. ಕಬ್ಬು ತೂಗುವ ಕಾಟಾದಿಂದ ಆಫೀಸಿಗೆ ಮೊದಲು ಕೇಬಲ್ ಎಳೆದಿದ್ದರು. ಟ್ರೇಲರ್‌ಗಳು ಅದನ್ನು ಮೇಲಿಂದ ಮೇಲೆ ಹರಿದುಹಾಕಿದವು. ಆಮೇಲೆ ಕಂಬದ ಮೇಲಿನ ಆಂಟೆನಾದ ವೈರ್‌ಲೆಸ್ ಬಂತು. ಅದನ್ನು ನೋಡಿಕೊಳ್ಳುವುದು ಅವರ ಕೆಲಸ. ಅಂದು ಅವರ ಸೊಂಟಕ್ಕೆ, ಕಂಬಕ್ಕೆ ಬಿಗಿದುಕೊಳ್ಳುವ ಸುರಕ್ಷತಾ ಬೆಲ್ಟ್ ಇರಲಿಲ್ಲ. ಕಾರ್ಖಾನೆಯಲ್ಲಿದ್ದ ಒಂದೇ ಬೆಲ್ಟ್ ಬಾಯ್ಲರ್ ಕಡೆ ಹೋಗಿತ್ತು.

ಜನ ಬೆಲ್ಟಿನ ಮಾತು ಎತ್ತಲಿಲ್ಲ. ರೇಡಿಯೇಶನ್ ಬಡಿದು ತಲೆ ತಿರುಗಿತು ಎಂದರು. ಕಾರ್ಖಾನೆಯೂ ಅದನ್ನು ಅಲ್ಲಗಳೆಯಲಿಲ್ಲ. ಕಂಬದ ಬುಡಕ್ಕೆ ತಂತಿಬೇಲಿ ಹಾಕಿ, ಬುರುಡೆಯ ಚಿತ್ರವಿದ್ದ ಫಲಕ ತೂಗುಹಾಕಿತು.

ಮುಂದಿನ ಕಬ್ಬು ಅರೆಯುವ ಹಂಗಾಮು ಹತ್ತಿರ ಬಂದಾಗ ಮಳೆಗಾಳಿಗೆ ಆಂಟೆನಾ ವಾಲಿತು. ಯಾರೂ ಕಂಬ ಹತ್ತಲು ಒಪ್ಪಲಿಲ್ಲ. ಅಂಗಳದ ಸೂಪರ್‌ವೈಸರ್ ಗಿರಮಲ್ಲಪ್ಪ ಸಾವಳಗಿ ಊರಿನ ನಮ್ಮ ಮನೆಗೆ ಬಂದರು.

"ಅಕ್ಕಾರ, ನೀವು ಧಾರವಾಡದಾಗ ಭೌತಶಾಸ್ತ್ರ ಓದಿದವ್ರು. ನಮ್ಮ ಮಂದಿಗೆ ನಾಕ ಮಾತ ಹೇಳ್ರಿ."

"ಬೆಲ್ಟ್ ತರಸ್ತೀರೇನ್ರಿ?"

"ಹೊಸಾದು ತರಸ್ತೀವ್ರಿ."

ಹೋದೆ. ಅಂಗಳದಲ್ಲಿ ಕೂಡಿದ್ದ ಕೆಲಸಗಾರರಿಗೆ, ಆ ಆಂಟೆನಾ ಬಿಡುವ ಶಕ್ತಿ ಕಿಸೆಯಲ್ಲಿನ ಮೊಬೈಲ್ ಬಿಡುವಷ್ಟೂ ಇಲ್ಲ ಎಂದೆ. ಆದರೂ ಅದರ ಮುಂದೆ ಮುಖ ಒಡ್ಡಿ ನಿಲ್ಲಬಾರದು, ಹತ್ತುವ ಮೊದಲು ಕರೆಂಟು ತೆಗೆಯಬೇಕು. ನನ್ನ ಗಂಡನನ್ನು ಕೊಂದದ್ದು ಕಿರಣ ಅಲ್ಲ, ಎತ್ತರ. ಬೆಲ್ಟಿಲ್ಲದೆ ಯಾರೂ ಹತ್ತಬೇಡಿ ಎನ್ನುವಷ್ಟರಲ್ಲಿ ಗಿರಮಲ್ಲಪ್ಪ ಎದ್ದು ನಿಂತಿದ್ದರು.

"ಕೇಳಿದ್ರಿಲ್ಲೋ? ಅಂವನ ಹೆಂಡ್ತಿನ ಹೇಳಾಕತ್ತಾಳ, ಏನೂ ಇಲ್ಲಂತ!"

ಹಿಂದಿನ ಸಾಲಿನಿಂದ ಕಾಟಾದ ಹಣಮಪ್ಪ ಕೂಗಿದ. "ಹಂಗಾದ್ರ ಅವ್ರ ಮನಿ ಹುಡುಗನ್ನ ಹತ್ತಸ್ರಿ ಸಾಹೇಬ್ರ. ನಮ್ಮ ಹೆಂಡ್ರು ಇನ್ನೂ ಕುಂಕುಮ ಹಚ್ಚಾಕತ್ತಾರ."

ಕೆಲವರು ನಕ್ಕರು. ಅಣ್ಣನ ಕೆಲಸಕ್ಕೇ ಸೇರಿದ್ದ ನನ್ನ ಮೈದುನ ಶಿವಪುತ್ರ ಅಲ್ಲೇ ಕುಳಿತಿದ್ದ. ಅವನು ಎದ್ದು, "ನಾ ಹತ್ತತೀನಿ" ಎಂದ.

ಮನೆಯಲ್ಲಿ ಅತ್ತೆ ಸಾತವ್ವ ಅಳಲಿಲ್ಲ. ಮನೆದೇವರು ಬೀರಪ್ಪನ ಜಗುಲಿಯ ಮೇಲಿನ ಕರಿ ಕಂಬಳಿ ತಂದು ಮಡಚಿ ಮಗನ ತಲೆಯ ಮೇಲಿಂದ ಕೊಪ್ಪೆಯಾಗಿ ಹೊದಿಸಿದರು. ಹಣೆಗೆ ದೇವರ ಭಂಡಾರದ ಅರಿಶಿನ ಬಳಿದರು.

"ಇದರಾಗ ಮಳಿ ಇಳ್ಯೂದಿಲ್ಲ, ಬಿಸಲ ಇಳ್ಯೂದಿಲ್ಲ. ಆ ಸುಡಗಾಡ ಕಿರಣ ಇಳೀತೈತೇನ?"

"ಅತ್ತಿ, ಕಂಬಳಿ ಇರ್ಲಿ ಬಿಡ್ರಿ. ಆದ್ರ ಬೆಲ್ಟ್ ಕಟ್ಟಕೊಳ್ಳಾಕ ಹೇಳ್ರಿ" ಎಂದೆ.

"ಬೆಲ್ಟ್ ಬ್ಯಾಡ."

"ಯಾಕ್ರಿ?"

"ಕುರಿ ಗೂಟಕ್ಕ ಕಟ್ಟಿದ್ರ ತ್ವಾಳ ಬಂದಾಗ ಎಲ್ಲಿಗೆ ಓಡತೈತಿ? ಕಿರಣ ಬಡದ್ರ ನನ್ನ ಮಗಾ ಲಗೂನ ಇಳದ ಬರಬೇಕು. ಕಂಬಕ್ಕ ಕಟ್ಟಿ ಕೊಲ್ಲಬೇಕಂತೀಯೇನ ಅಂವನ್ನೂ?"

"ಆಫ್ ಮಾಡಿದ ಮ್ಯಾಲ ಕಿರಣ ಇರೂದಿಲ್ರಿ. ದೀಪ ಆರಿದ ಮ್ಯಾಲ ಬೆಳಕ ಇರ್ತೈತೇನ್ರಿ?"

"ಒಲಿ ಆರಿದ ಮ್ಯಾಲ ಬೂದ್ಯಾಗ ಕೆಂಡ ಇರ್ತೈತಿ. ನೀ ಎಂದಾರ ಒಲಿ ಮುಂದ ಕುಂತಿದ್ರ ಗೊತ್ತಾಗ್ತಿತ್ತು."

ಶಿವಪುತ್ರ ತಾಯಿಯ ಕಾಲು ಮುಟ್ಟಿ, ಬೆಲ್ಟ್ ಕಟ್ಟುವುದಿಲ್ಲವೆಂದು ಮಾತು ಕೊಟ್ಟ.

ಹತ್ತುವ ದಿನ ನಾನೂ ಕಾರ್ಖಾನೆಗೆ ಹೋದೆ. ಕರೆಂಟು ತೆಗೆದಿದ್ದರು. ಹೊಸ ಬೆಲ್ಟ್ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು. ಬಿಚ್ಚಿ ಅವನ ಮುಂದೆ ಹಿಡಿದೆ.

"ನಿಮ್ಮವ್ವಗ ಹೇಳೂದಿಲ್ಲ. ಕಟ್ಟಕೋ ಶಿವಪುತ್ರ."

"ವೈನಿ, ಹಣಮಪ್ಪ ನೋಡಾಕತ್ತಾನ. ಅಂಜಿದ ಅಂತಾನ. ಮ್ಯಾಲ ಅವ್ವಗ ಮಾತ ಬ್ಯಾರೆ ಕೊಟ್ಟೀನಿ."

"ನಿಮ್ಮಣ್ಣನೂ ಹಿಂಗ ಹತ್ತಿದ್ರು."

"ಅಣ್ಣನ ಮ್ಯಾಲ ಕಂಬಳಿ ಇರ್ಲಿಲ್ಲಲ್ರಿ" ಎಂದ. ತಮಾಷೆಗೆ ಅಂದದ್ದಲ್ಲ.

ಗಿರಮಲ್ಲಪ್ಪನವರತ್ತ ನೋಡಿದೆ. "ಕಟ್ಟಕೊಳ್ಳೂದಿಲ್ಲ ಅಂದ್ರ ನಾ ಏನ ಮಾಡ್ಲಿ ಅಕ್ಕಾರ? ನಾವಂತೂ ತರಿಸೀವಿ" ಎಂದರು.

ಅವನು ಹತ್ತಿದ. ನಡುವೆ ಗಾಳಿ ಕಂಬಳಿಯೊಳಗೆ ಹೊಕ್ಕು ಅದು ಉಬ್ಬಿತು. ಒಂದು ಕೈ ಬಿಟ್ಟು ಅದನ್ನು ಎದೆಗೆ ಒತ್ತಿಕೊಂಡ. ಕಾಲು ಜಾರಿತು. ಅಂಗಳದಲ್ಲಿ ಯಾರೋ "ಬೀರಪ್ಪಾ" ಎಂದರು. ಕಾಲು ಮತ್ತೆ ಮೆಟ್ಟಿಲು ಹುಡುಕಿಕೊಂಡಿತು. ಆಂಟೆನಾ ತಿರುಗಿಸಿ, ನಟ್ಟು ಬಿಗಿದು ಇಳಿದು ಬಂದ.

ಎಲ್ಲರೂ ಅವನ ಸುತ್ತ ಸೇರಿ ಕಂಬಳಿ ಮುಟ್ಟಿ ನೋಡಿದರು. ಹಣಮಪ್ಪನೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ನನಗೂ ಒಂದ ಕೊಡಸಪಾ ನಿಮ್ಮವ್ವನ ಕಡಿಂದ. ನಾಳೆ ಇಬ್ರೂ ಹತ್ತೂಣು." ಗೋದಾಮಿನ ಕಡೆ ಆಂಟೆನಾ ಸರಿಮಾಡಬೇಕಾದ ಇನ್ನೊಂದು ಕಂಬವಿತ್ತು, ಇದಕ್ಕಿಂತ ಎತ್ತರದ್ದು. ಗಿರಮಲ್ಲಪ್ಪ ಬೆಲ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಸ್ಟೋರಿಗೆ ಕಳಿಸಿದರು.

ಶಿವಪುತ್ರ ಎಲ್ಲರ ಮುಂದೆ ಜೀವಂತ ನಿಂತಿದ್ದ.

ಸಂಜೆ ಅತ್ತೆ ಮಗನಿಗೆ ದೃಷ್ಟಿ ತೆಗೆದರು. ಬದನೆಕಾಯಿ ಪಲ್ಯ ಮಾಡಿದ್ದರು. ನನ್ನ ಗಂಡ ಹೋದ ಮೇಲೆ ಮೊದಲ ಸಲ ನನ್ನ ತಟ್ಟೆಗೂ ತಾವೇ ರೊಟ್ಟಿ ಹಾಕಿದರು.

"ಓದಿದ್ದೆಲ್ಲಾ ಖರೆ ಇರೂದಿಲ್ಲ ಬೇ" ಎಂದರು, ಮೆಲ್ಲಗೆ. "ಊಟಾ ಮಾಡು."

ಊಟ ಮಾಡಿದೆ. ಒಳಗೆ ಶಿವಪುತ್ರ ಹಣಮಪ್ಪನಿಗಾಗಿ ಇನ್ನೊಂದು ಕಂಬಳಿ ಮಡಚುತ್ತಿದ್ದ.