ನಲ್ಲಿ ಜುಮ್ಮೆಂದಾಗ

"ಅಯ್ಯಯ್ಯೋ, ಇವೋನೀ! ನೀರು ಮಂಜುಗಡ್ಡೆ ಆಗೋಯ್ತು ಕಣೇ!"

ಬಚ್ಚಲುಮನೆಯಿಂದ ಜೆನೆಜಿಯೊ ಕೂಗಿಕೊಂಡ. ತಲೆ ತುಂಬ ಸೋಪಿನ ನೊರೆ, ಮೈ ಗಡಗಡ ನಡುಗುತ್ತಿತ್ತು. ಬ್ರೆಜಿಲ್ ದೇಶದ ದಕ್ಷಿಣದ ಗುಡ್ಡಸೀಮೆಯಲ್ಲಿ ಜುಲೈ ಅಂದರೆ ಕಡು ಚಳಿಗಾಲ, ಬೆಳಗ್ಗೆ ಹುಲ್ಲೆಲ್ಲ ಹಿಮ ಬಿದ್ದು ಬೆಳ್ಳಗಾಗಿರುತ್ತದೆ. ಅಂಥ ಹೊತ್ತಿನಲ್ಲಿ ಕರೆಂಟಿನ ಶವರ್ ಕೈಕೊಟ್ಟರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಇವೋನಿ ಒಲೆಯ ಮೇಲಿದ್ದ ಬಿಸಿನೀರಿನ ಪಾತ್ರೆಯನ್ನೇ ಎತ್ತಿಕೊಂಡು ಹೋಗಿ ಕೊಟ್ಟಳು. "ಹೊಸದು ತಗೋ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ? ಅನುಭವಿಸು."

"ಕಾಯಿಲ್ ಸುಟ್ಟಿರತ್ತೆ ಅಷ್ಟೇ. ಕಾಯಿಲ್ ಬದಲಾಯಿಸಿದ್ರೆ ಮುಗೀತು."

"ಹೋದ ವರ್ಷನೂ ಇದೇ ಮಾತು ಹೇಳ್ದೆ."

ಆ ಶವರಿನ ಕಾಟ ಇಂದಿನದಲ್ಲ. ನೀರು ಕಾಯುವುದೆಲ್ಲ ಅದರ ತಲೆಯೊಳಗೇ. ಅದು ನೀರು ಕಾಯಿಸುತ್ತಿರುವಾಗ ನಲ್ಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಅದಕ್ಕೆ ಮನೆಯವರು ಒಂದು ಉಪಾಯ ಕಂಡುಕೊಂಡಿದ್ದರು. ಕಾಲಿಗೆ ರಬ್ಬರ್ ಚಪ್ಪಲಿ, ನಲ್ಲಿ ತಿರುಗಿಸುವುದಕ್ಕೆ ಒಣ ಬಟ್ಟೆ. ನೆಂಟರು ಸ್ನಾನಕ್ಕೆ ಹೊರಟರೆ ಟವೆಲಿನ ಜೊತೆಗೆ ಈ ಬುದ್ಧಿಮಾತನ್ನೂ ಕೊಟ್ಟು ಕಳಿಸುತ್ತಿದ್ದರು. ಆ ಬೀದಿಯಲ್ಲಿ ಅನೇಕರ ಮನೆಯಲ್ಲಿ ಹೀಗೇ ಇತ್ತು. ಹಾಗಾಗಿ ಯಾರಿಗೂ ಇದೊಂದು ರೋಗ ಅನ್ನಿಸಿರಲೇ ಇಲ್ಲ.

ಜೆನೆಜಿಯೊ ಮರದ ಮಿಲ್ಲಿನಲ್ಲಿ ಗರಗಸ ನಡೆಸುವವನು. ಹಾಳಾದದ್ದನ್ನು ಎಸೆಯುವ ಜಾತಿಯವನಲ್ಲ. ಆದರೆ ಆ ಭಾನುವಾರ ಕರಾವಳಿಯಿಂದ ಅವನ ಅಕ್ಕ ಜುರೇಮಾ ಬರುವವಳಿದ್ದಳು. ಅವಳ ಕಣ್ಣಿಗೆ ತಮ್ಮನ ಮನೆಯ ಹುಳುಕೆಲ್ಲ ಬೇಗ ಬೀಳುತ್ತಿತ್ತು. ಅದೇ ಇವೋನಿಯ ಚಿಂತೆ.

ಟೆಸ್ಟರ್ ಕೇಳಲು ಜೆನೆಜಿಯೊ ಪಕ್ಕದ ಮನೆಯ ಮಾರ್ಲುಜಾಳ ಹತ್ತಿರ ಹೋದ. ಮಾರ್ಲುಜಾ ಎಲೆಕ್ಟ್ರಿಷಿಯನ್ ಕೆಲಸ ಕಲಿತು ಇಪ್ಪತ್ತು ವರ್ಷ ಅದನ್ನೇ ಮಾಡಿದ ಹೆಂಗಸು. ಟೆಸ್ಟರ್ ಕೊಡುವ ಬದಲು ಅವಳೇ ಹಿಡಿದುಕೊಂಡು ಬಂದಳು. ಅವಳನ್ನು ಬಾಗಿಲಲ್ಲಿ ಕಂಡದ್ದೇ ಇವೋನಿಯ ಮುಖ ಗಂಟಿಕ್ಕಿತು.

ಅದಕ್ಕೊಂದು ಹಳೆಯ ಕಾರಣವಿತ್ತು. ಇವೋನಿ ಶಾಲೆಯ ಅಡುಗೆಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಅಲ್ಲಿಗೆ ವೈರಿಂಗ್ ಕೆಲಸಕ್ಕೆ ಬಂದಿದ್ದ ಮಾರ್ಲುಜಾ, ಗ್ಯಾಸ್ ಸೋರುತ್ತಿದೆ ಎಂದು ಹೆಡ್‌ಮೇಡಂಗೆ ನೇರವಾಗಿ ಹೇಳಿಬಿಟ್ಟಿದ್ದಳು. ವಾರಗಟ್ಟಲೆ ಒಲೆ ಹತ್ತಲಿಲ್ಲ. ಎಲ್ಲರೆದುರು ಬೈಸಿಕೊಂಡವಳು ಇವೋನಿ. ಗ್ಯಾಸ್ ಸೋರುತ್ತಿದ್ದುದು ನಿಜ. ಆದರೆ ಬೈಸಿಕೊಂಡದ್ದೇ ಅವಳ ಮನಸ್ಸಿನಲ್ಲಿ ಉಳಿಯಿತು.

ಮಾರ್ಲುಜಾ ಶವರಿನ ಕರೆಂಟು ತೆಗೆದು, ಅದರ ಡಬ್ಬಿ ಬಿಚ್ಚಿ ನೋಡಿದಳು.

"ಕಾಯಿಲ್ ಹೋಗಿದೆ. ಅದೊಂದೇ ಆಗಿದ್ರೆ ಅದೇ ಅಳತೆದು ಹಾಕಿ ರಿಪೇರಿ ಮಾಡ್ಬಹುದಿತ್ತು. ಆದ್ರೆ ಇಲ್ಲಿ ನೋಡು ಜೆನೆಜಿಯೊ, ಡಬ್ಬಿ ಬಿರುಕು ಬಿಟ್ಟಿದೆ, ವೈರ್ ಕೂಡೋ ಜಾಗ ಕರಗಿದೆ. ಇದು ರಿಪೇರಿಗೆ ಬಗ್ಗಲ್ಲ. ಹೊಸದೇ ಹಾಕು."

"ನಾನು ಹೇಳ್ಲಿಲ್ವಾ?" ಎಂದಳು ಇವೋನಿ. ಮೊದಲ ಬಾರಿಗೆ ಮಾರ್ಲುಜಾಳ ಮಾತು ಅವಳಿಗೆ ರುಚಿಸಿತು.

"ತಾಳು, ಮಾತು ಮುಗೀಲಿಲ್ಲ. ಹೊಸದು ಹಾಕಿದ ಮಾತ್ರಕ್ಕೆ ನೀವು ಬಚಾವಾಗಲ್ಲ. ಈ ಹಸಿರು ವೈರ್ ಕಾಣ್ತಿದೆಯಾ? ಶವರಿಂದ ಬಂದು ಇಲ್ಲೇ ತುಂಡಾಗಿದೆ. ಇದು ಅರ್ತಿಂಗ್ ವೈರ್. ಸೋರಿದ ಕರೆಂಟು ನೆಲಕ್ಕೆ ಹೋಗೋ ದಾರಿ. ಈ ದಾರಿ ಇಲ್ದಿದ್ರೆ ನಿಮ್ಮ ಮೈಯೇ ಅದಕ್ಕೆ ದಾರಿ. ಗೋಡೆ ಒಡೆದು ಅರ್ತಿಂಗ್ ಎಳೀಬೇಕು, ಹಳೇ ಸಣ್ಣ ವೈರ್ ತೆಗೆದು ದಪ್ಪದ್ದು ಹಾಕ್ಬೇಕು. ಕರೆಂಟು ಸೋರಿದ ತಕ್ಷಣ ಆಫ್ ಆಗೋ ಇಎಲ್‌ಸಿಬಿ ಸ್ವಿಚ್ಚೂ ಬೇಕು."

"ಗೋಡೆ ಒಡೆಯೋದಾ?" ಇವೋನಿ ಸೊಂಟದ ಮೇಲೆ ಕೈಯಿಟ್ಟಳು. "ಭಾನುವಾರ ನೆಂಟರು ಬರ್ತಾರೆ. ಅವತ್ತು ಶಾಲೆ ಅಡುಗೆಮನೆ ಮುಚ್ಚಿಸ್ದೆ, ಇವತ್ತು ನಮ್ಮ ಬಚ್ಚಲುಮನೆ ಮುಚ್ಚಿಸೋಕೆ ಬಂದ್ಯಾ?"

"ನಲ್ಲಿ ಜುಮ್ ಅನ್ನಲ್ವಾ ನಿಮಗೆ?"

"ಎಲ್ಲರ ಮನೇಲೂ ಅನ್ನತ್ತೆ. ಯಾರು ಸತ್ತಿದ್ದಾರೆ?"

ಮಾರ್ಲುಜಾ ಟೆಸ್ಟರನ್ನು ಜೇಬಿಗೆ ಹಾಕಿಕೊಂಡಳು. "ಹೇಳೋದು ಹೇಳಿದ್ದೀನಿ," ಎಂದು ಹೊರಟೇಹೋದಳು.

ಜೆನೆಜಿಯೊ ತಲೆ ಕೆರೆದುಕೊಂಡ. "ಅವಳು ಹೇಳೋದ್ರಲ್ಲೂ ಹುರುಳಿದೆ ಕಣೇ..."

"ಜುರೇಮಾ ಬಂದು ಹೋಗ್ಲಿ, ಆಮೇಲೆ ನೋಡೋಣ."

ಶನಿವಾರ ಹೊಸ ಶವರ್ ಬಂತು. ಹಳೆಯದಕ್ಕಿಂತ ದೊಡ್ಡದು, ಜಾಸ್ತಿ ಕಾಯಿಸುವಂಥದ್ದು. ಆರಿಸಿದ್ದು ಇವೋನಿಯೇ. ಸ್ಟೂಲಿನ ಮೇಲೆ ನಿಂತು ಜೋಡಿಸುತ್ತಿದ್ದ ಜೆನೆಜಿಯೊ ಕೇಳಿದ: "ಈ ಹಸಿರು ವೈರ್ ಎಲ್ಲಿಗೆ ಕಟ್ಲಿ?"

"ಎಲ್ಲಿಗೆ ಅಂದ್ರೆ? ಕಟ್ಟೋಕೆ ಜಾಗ ಎಲ್ಲಿದೆ? ಸುತ್ತಿ ಒಳಗೆ ತುರುಕು, ಕಾಣದ ಹಾಗೆ."

ಅವನು ಟೇಪು ಸುತ್ತಿ ತುರುಕಿದ.

ಹೊಸ ಶವರ್ ಹಾಕಿದ ಮೇಲೆ ಡಬ್ಬಿಯಲ್ಲಿದ್ದ ಅದರ ಎಂಸಿಬಿ ಸ್ವಿಚ್ಚು ಎರಡು ಸಲ ತಾನಾಗಿ ಆಫ್ ಆಯಿತು. ಹಳೆಯ ವೈರಿಗೆ ಇಷ್ಟು ಹೊರೆ ತಡೆಯುವುದಿಲ್ಲ ಎಂದು ಅದು ಹೇಳುತ್ತಿತ್ತು. ಜೆನೆಜಿಯೊಗೆ ಅರ್ಥವಾದದ್ದು ಸ್ವಿಚ್ಚು ಸಣ್ಣದಾಯಿತು ಎಂದು ಮಾತ್ರ. ದೊಡ್ಡದನ್ನು ತಂದು ಹಾಕಿದ. ಆಮೇಲೆ ಅದು ಆಫ್ ಆಗಲಿಲ್ಲ.

ಭಾನುವಾರ ಜುರೇಮಾ ಬಂದಳು. ಆ ಸೀಮೆಯ ಪೈನ್ ಮರದ ಪಿನ್ಯಾಂವ್ ಬೀಜಗಳನ್ನು ಬೇಯಿಸಿದ್ದರು, ಸುಲಿದು ತಿಂದಳು. ಬಿಸಿನೀರಲ್ಲಿ ಅರ್ಧ ಗಂಟೆ ಮಿಂದು, "ನಮ್ಮನೇಲೂ ಇಂಥ ಶವರ್ ಇಲ್ಲಪ್ಪ," ಎಂದಳು. ಇವೋನಿಗೆ ಹೊಟ್ಟೆ ತುಂಬಿದಂತಾಯಿತು. ಕರೆಂಟು ಸೋರುತ್ತಿದ್ದ ಹಳೆಯ ಡಬ್ಬಿ ಹೋದದ್ದರಿಂದ ನಲ್ಲಿ ಈಗ ಜುಮ್ಮೆನ್ನುತ್ತಿರಲಿಲ್ಲ. ನೋಡಿದ್ಯಾ, ಎಲ್ಲ ಸರಿಹೋಯಿತು ಎಂದುಕೊಂಡಳು. ಒಣ ಬಟ್ಟೆ ಕಸಕ್ಕೆ ಹೋಯಿತು. ಗೋಡೆಯ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಅದಾಗಿ ಹನ್ನೊಂದನೆಯ ದಿನ, ಒಂದು ಗುರುವಾರ, ಜೆನೆಜಿಯೊ ಮಿಲ್ಲಿನಿಂದ ಮಧ್ಯಾಹ್ನವೇ ಬಂದ. ಮೈಯೆಲ್ಲ ಮರದ ಪುಡಿ. "ಮಾತೆ ಸೊಪ್ಪಿನ ಚಹಾಕ್ಕೆ ನೀರು ಕಾಯಿಸಿಡು, ಬಂದೆ," ಎಂದು ಬರಿಗಾಲಲ್ಲಿ ಬಚ್ಚಲಿಗೆ ಹೋದ.

ಒಲೆಯ ಮುಂದಿದ್ದ ಇವೋನಿಗೆ ಧೊಪ್ಪೆಂದು ಏನೋ ಬಿದ್ದ ಸದ್ದು ಕೇಳಿತು.

"ಜೆನೆಜಿಯೊ?"

ನೀರು ಸುರಿಯುವ ಸದ್ದು ಮಾತ್ರ ಬರುತ್ತಿತ್ತು. ಬಾಗಿಲು ತಳ್ಳಿದಳು. ಅವನು ಕುಸಿದು ಬಿದ್ದಿದ್ದ. ಕೈ ಇನ್ನೂ ನಲ್ಲಿಗೆ ಕಚ್ಚಿಕೊಂಡಿತ್ತು. ಅವಳು ಎಳೆಯಲು ಹೋದಳು. ಅವನ ಭುಜ ಮುಟ್ಟಿದ್ದೇ ತಡ, ಯಾರೋ ಒದ್ದಂತಾಗಿ ಹಿಂದಕ್ಕೆ ಬಿದ್ದಳು. ಎದ್ದು ಸ್ವಿಚ್ಚುಗಳ ಡಬ್ಬಿಗೆ ಓಡಿದಳು. ಸಾಲಾಗಿ ಆರು ಸ್ವಿಚ್ಚು, ಒಂದರ ಮೇಲೂ ಹೆಸರಿಲ್ಲ. ಸಿಕ್ಕಿದ್ದನ್ನು ಒತ್ತಿದಳು, ಅಡುಗೆಮನೆಯ ದೀಪ ಮಾತ್ರ ಆರಿತು. ಬೀದಿಗೆ ಓಡಿ ಕೂಗಿದಳು.

"ಮಾರ್ಲುಜಾ! ಮಾರ್ಲುಜಾ!"

ಮಾರ್ಲುಜಾ ಓಡಿ ಬಂದವಳು ಮೊದಲು ಗೇಟಿನ ಮೀಟರ್ ಡಬ್ಬಿಯಲ್ಲಿ ಇಡೀ ಮನೆಯ ಕರೆಂಟು ತೆಗೆದಳು. ಆಮೇಲೆ ಒಳಗೆ ಹೋಗಿ ಅವನನ್ನು ಹೊರಗೆಳೆದು ಎದೆ ಒತ್ತತೊಡಗಿದಳು. "ಆಂಬುಲೆನ್ಸಿಗೆ ಫೋನ್ ಮಾಡು! ಅಳಬೇಡ, ಫೋನ್ ಮಾಡು!" ಆಂಬುಲೆನ್ಸ್ ಬರುವವರೆಗೂ ಅವಳು ಒತ್ತುವುದನ್ನು ನಿಲ್ಲಿಸಲಿಲ್ಲ. ಬಂದವರೂ ತಮ್ಮ ಪ್ರಯತ್ನ ಮಾಡಿದರು. ಜೆನೆಜಿಯೊ ಉಳಿಯಲಿಲ್ಲ. ಅವನಿಗೆ ಐವತ್ತೆರಡು ವರ್ಷ.

ಗೋಡೆಯೊಳಗೆ ಹಳೆಯ ವೈರ್ ಕಾದು ಕಾದು ಅದರ ಹೊದಿಕೆ ಕರಗಿತ್ತು. ಒಳಗಿನ ತಂತಿ ನೀರಿನ ಕಬ್ಬಿಣದ ಪೈಪಿಗೆ ತಾಗಿತ್ತು. ಪೈಪಿನಿಂದ ನಲ್ಲಿಗೆ, ನಲ್ಲಿಯಿಂದ ಅವನಿಗೆ ಕರೆಂಟು ಹರಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ನೆರೆಯವರೆಲ್ಲ "ದೇವರಿಚ್ಛೆ" ಎಂದರು. ಆ ಮಾತು ಇವೋನಿಗೆ ಬೆಂಕಿಯಂತೆ ತಾಗಿತು. ದೇವರು ಎಲ್ಲಿ ಬಂದ ಇದರಲ್ಲಿ? ಒಳಗೆ ತುರುಕು ಎಂದವಳು ತಾನು. ಎಲ್ಲರೂ ಹೋದ ಮೇಲೆ ಮಾರ್ಲುಜಾಳ ತೋಳು ಹಿಡಿದುಕೊಂಡಳು.

"ಬೈಯೇ ನನ್ನ. ನಾನು ಹೇಳಿದ್ದೆ ಅಂತ ಅಂದುಬಿಡೇ."

"ಬೈದ್ರೆ ಅವನು ಬರ್ತಾನಾ?" ಮಾರ್ಲುಜಾ ಬೇರೆ ಕಡೆ ನೋಡಿದಳು. "ನಂಗೂ ಸಿಟ್ಟು ಬಂದಿತ್ತು, ಇವೋನಿ. ಹೊಸ ಶವರ್ ಹಾಕಿದ್ದು ಕಿಟಕಿಯಿಂದ ಕಂಡಿತ್ತು. ಹೋಗಿ ಇನ್ನೊಂದು ಸಲ ಹೇಳ್ಬೇಕು ಅನ್ನಿಸ್ತು. ಇವಳ ಹತ್ರ ಮತ್ತೆ ಯಾಕೆ ಅನ್ನಿಸ್ಕೊಳ್ಳಲಿ ಅಂತ ಸುಮ್ಮನಾದೆ."

ಇವೋನಿ ಹಿಡಿದ ತೋಳನ್ನು ಬಿಡಲಿಲ್ಲ.

ಮರುವಾರ ಮಾರ್ಲುಜಾ ಗೋಡೆ ಒಡೆದಳು. ದಪ್ಪ ವೈರ್ ಎಳೆದಳು, ಅರ್ತಿಂಗ್ ಕೊಟ್ಟಳು, ಇಎಲ್‌ಸಿಬಿ ಕೂರಿಸಿದಳು, ಪ್ರತಿ ಸ್ವಿಚ್ಚಿನ ಮೇಲೂ ಹೆಸರು ಬರೆದಳು. ಬೆಳಗ್ಗೆ ಹತ್ತಕ್ಕೆ ಹಿಡಿದ ಕೆಲಸ ಮೂರು ಗಂಟೆಗೆ ಮುಗಿದಿತ್ತು. ಇವೋನಿ ಗಡಿಯಾರ ನೋಡಿದಳು. ಇಷ್ಟೇ ಹೊತ್ತಿನ ಕೆಲಸವಾಗಿತ್ತೇ ಎಂದು ಒಡೆದ ಇಟ್ಟಿಗೆಗಳ ಮಧ್ಯೆಯೇ ಕುಸಿದು ಕೂತಳು.

ಈಗ ಶಾಲೆಯಿಂದ ಬಂದ ಮೇಲೆ ಅವಳು ನಲ್ಲಿ ಜುಮ್ಮೆನ್ನುತ್ತದೆಯೇ ಎಂದು ಕೇಳುತ್ತಾ ಆ ಬೀದಿಯ ಮನೆಮನೆಗೆ ಹೋಗುತ್ತಾಳೆ. ಮಾರ್ಲುಜಾಳೂ ಜೊತೆಗಿರುತ್ತಾಳೆ. ಮೂಲೆಮನೆಯ ವಾಲ್ದೊಮಿರೊ ನಕ್ಕು, "ನಮ್ದು ಸ್ವಲ್ಪ ಜುಮ್ ಅನ್ನತ್ತೆ ಕಣಮ್ಮ, ಅಷ್ಟೇ," ಎಂದಿದ್ದ.

"ನಮ್ದೂ ಅಷ್ಟೇ ಇತ್ತಣ್ಣ," ಎಂದಳು ಇವೋನಿ.

ಅವನ ನಗು ನಿಂತಿತು. ಹೆಂಡತಿ ಒಳಗಿನಿಂದ ಬಂದು, "ಶನಿವಾರವೇ ಬಂದು ಗೋಡೆ ಒಡೀರಿ," ಎಂದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿರುವುದು ಗೀಸರ್ ಇರಬಹುದು, ನೀರು ಕಾಯಿಸುವ ಕಾಯಿಲ್ ಇರಬಹುದು. ಕೆಟ್ಟಾಗ ರಿಪೇರಿಯೋ ಹೊಸದೋ ಎಂದು ಲೆಕ್ಕ ಹಾಕುವುದು ಸಹಜ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಇದು: ಅರ್ತಿಂಗ್ ಇದೆಯೇ? ವೈರ್ ಆ ಹೊರೆಯನ್ನು ತಡೆಯುತ್ತದೆಯೇ? ನಲ್ಲಿ ಜುಮ್ಮೆಂದರೆ ಚಪ್ಪಲಿ ಹಾಕಿಕೊಂಡು ಸುಧಾರಿಸಬೇಡಿ. ಕರೆಂಟು ತೆಗೆದು, ಕೆಲಸ ಬಲ್ಲವರನ್ನು ಕರೆಸಿ. ಮೇನ್ ಸ್ವಿಚ್ ಎಲ್ಲಿದೆಯೆಂದು ಮನೆಯವರಿಗೆಲ್ಲ ತೋರಿಸಿಡಿ. ಯಾರಿಗಾದರೂ ಕರೆಂಟು ಹೊಡೆದರೆ, ಮೇನ್ ಸ್ವಿಚ್ ಆಫ್ ಮಾಡದೆ ಅವರನ್ನು ಮುಟ್ಟಬೇಡಿ. ಬುದ್ಧಿ ಹೇಳಲು ಬಂದವರು ನಿಮಗೆ ಆಗದವರೇ ಇರಲಿ, ಮಾತು ಕೇಳಿಸಿಕೊಳ್ಳಿ. ಸ್ನಾನಕ್ಕೆ ಹೋದವರು ಮೈ ಒರೆಸಿಕೊಂಡು ಹೊರಗೆ ಬರಬೇಕು. ನಾವು ಕೇಳುವುದು ಅಷ್ಟೇ ಅಲ್ಲವೇ?