ಪದ್ಯದ ಚೊಂಬು

"ಆ ಚೊಂಬು ಬ್ಯಾಡ, ಮಡಗು. ಅದ್ರ ಮ್ಯಾಲೆ ನಮ್ಮಪ್ಪನ ಎಸ್ರದೆ ಕಣ್ಲಾ!"

ಅಪ್ಪನ ಬಾಯಿಗೆ ಕೊನೆಯ ನೀರು ಬಿಡಲು ಬಗ್ಗಿದ್ದ ತಮ್ಮಯ್ಯ ಹಾಗೇ ನಿಂತ. ಪಕ್ಕದ ಮನೆ ಬೋರಪ್ಪ ಹೇಳಿದ್ದು ನಿಜ. ಅಂಗಳದ ಪಾತ್ರೆಗಳೆಲ್ಲ ನೆರೆಹೊರೆಯವು, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಅಷ್ಟನ್ನೂ ಕೆತ್ತಿದವನು ಚಟ್ಟದ ಮೇಲೆ ಮಲಗಿದ್ದ ಪಾಪಯ್ಯನೇ. ಹೊಳೆನರಸೀಪುರದ ಪಾತ್ರೆ ಅಂಗಡಿಯೊಂದರ ಜಗಲಿಯಲ್ಲಿ ಮೂವತ್ತು ವರ್ಷ ಕೂತು, ಉಳಿ ಹಿಡಿದು ಊರಿನ ಹೆಸರುಗಳನ್ನೆಲ್ಲ ಚುಕ್ಕಿ ಚುಕ್ಕಿಯಾಗಿ ಕೂಡಿಸಿದವನು.

"ಊರಿಗೆಲ್ಲ ಎಸ್ರು ಕೊರ್ದ. ಅವ್ನ ಮನೇಲಿ ಒಂದು ಚೊಂಬಿಲ್ವಲ್ಲಪ್ಪ," ಎಂದ ಬೋರಪ್ಪ.

"ಯಾಕಿಲ್ಲ?" ಎಂದಳು ಪಾಪಯ್ಯನ ತಂಗಿ ಸಣ್ಣಕ್ಕ. "ಪದ್ಯದ ಚೊಂಬು ಅಟ್ಟದ ಮ್ಯಾಲದೆ. ಈ ಮಾರಾಯ್ನೇ ಎಸ್ದಿದ್ದು."

ತಮ್ಮಯ್ಯ ಅಟ್ಟ ಹತ್ತಿ ಚೊಂಬು ಇಳಿಸಿ ತಂದ.

*

ಹತ್ತು ವರ್ಷದ ಹಿಂದೆ, ಸಾವಿರದ ಒಂಬೈನೂರ ಐವತ್ತೈದರಲ್ಲಿ, ಅವನು ಹಾಸನದ ಹಾಸ್ಟೆಲಿಗೆ ಹೊರಟಿದ್ದ. ತಂದೆಯೊಬ್ಬ ಮಗನಿಗೆ ಬುದ್ಧಿ ಹೇಳುವ ಇಂಗ್ಲಿಷಿನ ಆ ಹೆಸರಾಂತ ಪದ್ಯವನ್ನು ಅಪ್ಪ ಹೆಡ್‌ಮಾಸ್ತರರಿಂದ ಕನ್ನಡದಲ್ಲಿ ಬರೆಸಿಕೊಂಡು ಬಂದ. ಹದಿನೈದು ದಿನ ಕೂತು ಹಿತ್ತಾಳೆ ಚೊಂಬಿನ ಸುತ್ತ ಕೆತ್ತಿದ. ಅದರ ತುಂಬ ಎಳ್ಳು ಬೆಲ್ಲದ ಚಿಗಳಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಬಸ್ ಸ್ಟ್ಯಾಂಡಿನಲ್ಲಿ ಕೈಗಿಟ್ಟ.

"ಬುದ್ಧಿ ಏಳಕ್ಕೆ ನಂಗೆಲ್ಲಿ ಬತ್ತದ್ಲಾ? ದೊಡ್ಡೋರು ಏಳವ್ರೆ, ಓದ್ಕೊ."

ಹಾಸ್ಟೆಲಿನ ಮೊದಲ ಊಟದಲ್ಲೇ ತಮ್ಮಯ್ಯ ಚೊಂಬೆತ್ತಿ ನೀರು ಕುಡಿದ. ಎದುರು ಸಾಲಿನ ಹುಡುಗರು ಗೊಳ್ಳೆಂದರು. ಪದ್ಯ ನೋಡಿ ನಕ್ಕರೆಂದು ಅವನ ಕಿವಿ ಕೆಂಪಾಯಿತು. ಅವತ್ತೇ ಚೊಂಬು ಟ್ರಂಕಿನ ತಳ ಸೇರಿತು, ದೀಪಾವಳಿಗೆ ಬಂದಾಗ ಅಟ್ಟ ಸೇರಿತು.

"ಪೂರ್ತಿ ಓದಿದ್ಯೇನ್ಲಾ?" ಅಪ್ಪ ಕೇಳಿದ್ದ.

"ಊಂ."

"ಅಂಗೇ ನಡ್ಕತಿದ್ದೀಯಾ?"

"ಊಂ ಕಣಪ್ಪ."

ಅಪ್ಪನ ಮುಖ ಅರಳಿತ್ತು. ಆ ಸುಳ್ಳನ್ನು ತಮ್ಮಯ್ಯ ಹತ್ತು ವರ್ಷ ಒಪ್ಪಿಕೊಂಡಿರಲಿಲ್ಲ. ನಿಜ ಹೇಳಿಬಿಡಬೇಕೆಂದು ನಿನ್ನೆ ತಾನು ಕೆಲಸಕ್ಕಿದ್ದ ಚನ್ನರಾಯಪಟ್ಟಣದಿಂದ ಓಡಿ ಬರುವಷ್ಟರಲ್ಲಿ ಅಪ್ಪನ ಕಿವಿಗೆ ಏನೂ ಕೇಳುತ್ತಿರಲಿಲ್ಲ.

*

ಓದು ಬಾರದ ಸಣ್ಣಕ್ಕ ಹುಣಸೆಹಣ್ಣು ಹಾಕಿ ತಿಕ್ಕಿದ್ದೇ ಚೊಂಬು ಹೊಳೆಯಿತು. ನೀರು ತುಂಬಿ ತಮ್ಮಯ್ಯನ ಕೈಗೆ ಕೊಟ್ಟಳು. ಅವನು ಮೊಣಕಾಲೂರಿ ಅಪ್ಪನ ತುಟಿಯತ್ತ ಬಗ್ಗಿಸಿದ.

ಚೊಂಬಿನ ತಳ ಅವನ ಕಡೆ ತಿರುಗಿತು. ಅಲ್ಲೂ ಅಕ್ಷರಗಳಿದ್ದವು. ಕುಡಿಯುವವನಿಗೆ ಕಾಣದೆ, ಎದುರು ಕೂತವರಿಗಷ್ಟೇ ಕಾಣುವ ಜಾಗ. ಮಾಸ್ತರರ ಕನ್ನಡವಲ್ಲ, ಅಪ್ಪನದು:

'ನಿಂಗೆ ಗೂರಲು ಉಬ್ಸ ಕಣ್ಲಾ ಮಗ. ತಣ್ಣೀರು ಕುಡೀಬ್ಯಾಡ. ಬಿಸಿನೀರು ಕುಡಿ.'

ತಮ್ಮಯ್ಯ ಚೊಂಬನ್ನು ನೆಟ್ಟಗೆ ಮಾಡಿಕೊಂಡ. ಒಂದು ಹನಿಯೂ ಬಿದ್ದಿರಲಿಲ್ಲ.

"ಅತ್ತೆ," ಎಂದ. "ಇದ್ನ ವಸಿ ಕಾಯ್ಸು."

"ಒತ್ತಾಯ್ತದೆ ಕಣ್ಲಾ," ಬೋರಪ್ಪ ರೇಗಿದ. "ಸತ್ತೋರ್ಗೆ ಯಾರಾದ್ರೂ ಬಿಸಿನೀರು ಬುಡ್ತಾರಾ?"

ಸಣ್ಣಕ್ಕ ಸೋದರಳಿಯನ ಮುಖ ನೋಡಿದಳು. ಬಾಗಿಲ ಮುಂದೆ ಉರಿಯುತ್ತಿದ್ದ ಕೊಳ್ಳಿಗಳನ್ನು ಕೂಡಿಸಿ ಚೊಂಬಿಟ್ಟಳು. ಚಟ್ಟಕ್ಕೆ ಹೆಗಲು ಕೊಡಲು ಬಂದ ನಾಲ್ವರೂ ಟವಲು ಸುತ್ತಿಕೊಂಡು ಕಾಯುತ್ತ ನಿಂತರು. ಹೊಗೆಗೆ ಪದ್ಯ ಸಾಲುಸಾಲಾಗಿ ಕಪ್ಪಾಗುತ್ತ ಬಂತು, ಚೊಂಬಿನ ಬಾಯಿಂದ ತೆಳ್ಳಗೆ ಆವಿ ಎದ್ದಿತು.