ಮೂರು ಸಲ ದಾಟಿದ ಹೊಳೆ

ಅಳಿಯ ತಮ್ಮನ್ನು ಬೇಕೆಂದೇ ಸುತ್ತಿಸುತ್ತಿದ್ದಾನೆ ಎಂಬುದು ಇಸ್ಮಾಯಿಲಸಾಬರಿಗೆ ಖಾತ್ರಿಯಾದದ್ದು ಕಾರು ಅದೇ ಹೊಳೆಯನ್ನು ಮೂರನೇ ಸಲ ದಾಟುವಾಗ. ಜಕ್ಕಲಿಯ ಇಸ್ಮಾಯಿಲಸಾಬ ನದಾಫ ಅಂದರೆ ಸಾಮಾನ್ಯ ಆಸಾಮಿಯಲ್ಲ. ರೋಣ, ಗಜೇಂದ್ರಗಡ, ನರಗುಂದದ ನಡುವೆ ಮೂವತ್ತೊಂದು ವರ್ಷ ಟೆಂಪೋ ಹೊಡೆದವರು. ಚೀನಾದ ಗ್ವಾಂಗ್‌ಝೌ ಎಷ್ಟೇ ದೊಡ್ಡ ಊರಿರಲಿ, ಒಂದು ಹೊಳೆಯನ್ನು ಗುರುತು ಹಿಡಿಯಲಾರದಷ್ಟು ಅವರ ಕಣ್ಣು ಮಂಜಾಗಿರಲಿಲ್ಲ.

ಚೀನಾದಲ್ಲಿ ನೌಕರಿಗಿದ್ದ ಅಳಿಯನ ಜೊತೆ ಇದ್ದ ಮಗಳು ಯಾಸ್ಮಿನಳದು ಚೊಚ್ಚಲ ಹೆರಿಗೆ. ಬಿ.ಪಿ. ಏರಿದೆ ಎಂದು ನಾಲ್ಕು ದಿನದ ಹಿಂದೆ ಈ ಊರಿನ ದೊಡ್ಡ ದವಾಖಾನೆಗೆ ತಂದು ಸೇರಿಸಿದ್ದರು. ಇವತ್ತು ನಾಲ್ಕು ಗಂಟೆಗೆ ಆಪರೇಷನ್. "ನಾ ಒಳಗ ಹೋಗೂದರಾಗ ಬಾ ಅಪ್ಪಾ, ನಿನ್ನ ಮಾರಿ ಒಮ್ಮೆ ನೋಡಬೇಕು" ಎಂದು ನಿನ್ನೆ ಫೋನಿನಲ್ಲಿ ಅತ್ತಿದ್ದಳು. ವಿಮಾನ ಇಳಿದಾಗ ಒಂದು ಗಂಟೆ. ದವಾಖಾನೆ ಒಂದು ತಾಸಿನ ಹಾದಿ ಎಂದು ಅಳಿಯ ರಿಯಾಜನೇ ಹೇಳಿದ್ದ. ಈಗ ಮೂರಾಗಿತ್ತು.

ಅನುಮಾನಕ್ಕೆ ಬೀಜ ಬಿದ್ದದ್ದು ಊರಲ್ಲೇ. ಮೊದಲ ಹೆರಿಗೆ ತವರಿನಲ್ಲಿ ಆಗುವುದು ಪದ್ಧತಿ. ಕರೆಯಲು ಫೋನ್ ಮಾಡಿದರೆ, ಡಾಕ್ಟರು ವಿಮಾನ ಹತ್ತಬೇಡ ಅಂದಿದ್ದಾರೆ ಎಂದು ರಿಯಾಜ ಜಾರಿಕೊಂಡ. ಹೆಂಡತಿ ಖಾತುನಬಿಗೆ ಪಾಸ್‌ಪೋರ್ಟ್ ಇರಲಿಲ್ಲ. ಇವರದು ಮಕ್ಕಾದ ಉಮ್ರಾ ಯಾತ್ರೆಗೆಂದು ಮಾಡಿಸಿದ್ದು ಇತ್ತು. "ಅವರು ಏನೋ ಮುಚ್ಚಿ ಇಟ್ಟಾರ್ರಿ. ಕಣ್ಣಾರೆ ನೋಡಿ ನನಗ ಖರೇ ಹೇಳ್ರಿ" ಎಂದು ಆಕೆ ಬಾಗಿಲಲ್ಲೇ ತಾಕೀತು ಮಾಡಿ ಕಳಿಸಿದ್ದಳು. ಅಂದಿನಿಂದ ಇಸ್ಮಾಯಿಲಸಾಬರ ಮೂಗು ಹೊಗೆ ಹುಡುಕುತ್ತಲೇ ಇತ್ತು.

ಹೊಗೆಗೆ ಇಲ್ಲಿ ಬರವೂ ಇರಲಿಲ್ಲ. ಗಾಡಿಗಳೆಲ್ಲ ಬಲಕ್ಕೆ ಓಡುತ್ತಿದ್ದವು. ಎದುರಿನ ಲಾರಿ ತಮ್ಮ ಮೈಮೇಲೇ ಬಂದಂತಾಗಿ ಇಸ್ಮಾಯಿಲಸಾಬ ಇಲ್ಲದ ಬ್ರೇಕನ್ನು ಹತ್ತು ಸಲ ತುಳಿದಿದ್ದರು. ರಸ್ತೆಯ ಮೇಲೊಂದು ರಸ್ತೆ, ಅದರ ಮೇಲೆ ಇನ್ನೊಂದು. ಒಂದು ತಿರುವು ತಪ್ಪಿದರೆ ಮತ್ತೆ ತಿರುಗಲು ಹೊಳೆ ದಾಟಿ ಐದಾರು ಕಿಲೋಮೀಟರ್ ಹೋಗಬೇಕು. ಸದ್ದೇ ಇಲ್ಲದ ಸ್ಕೂಟರ್‌ಗಳು ಬೆಕ್ಕಿನಂತೆ ಪಕ್ಕದಲ್ಲಿ ನುಸುಳುತ್ತಿದ್ದವು. ಹಾರ್ನ್ ಹೊಡೆಯುವಂತಿಲ್ಲ, ನಿಲ್ಲಿಸುವಂತಿಲ್ಲ, ಕಂಬಕಂಬಕ್ಕೂ ಕ್ಯಾಮೆರಾ. ರಿಯಾಜನ ಫೋನಿನೊಳಗಿನ ಹೆಂಗಸು ಚೀನೀ ಭಾಷೆಯಲ್ಲಿ ದಾರಿ ಹೇಳುತ್ತಿದ್ದಳು. ಅವಳು ಹೇಳಿ ಮುಗಿಸುವಷ್ಟರಲ್ಲಿ ತಿರುವು ಹಿಂದೆ ಬಿದ್ದಿರುತ್ತಿತ್ತು.

"ಅಳಿಯಾರ, ಕಿಡಕಿ ಇಳಿಸಿ ಯಾರಿಗರ ಕೇಳಬಾರದೇನ್ರಿ?"

"ಇಲ್ಲಿ ನಿಂದ್ರಸಾಕ ಬರೂದಿಲ್ರಿ ಮಾಮಾ. ಇನ್ನೇನು ಬಂತು."

"ಆಗಲೂ ಹಿಂಗ ಅಂದ್ರಿ. ಈ ಊರಾಗ ಹೊಳಿ ಎಷ್ಟ ಅದಾವು?"

"ಒಂದ ರಿ."

"ಮತ್ತ ನಾವು ಮೂರು ಸಲ ಯಾಕ ದಾಟಿದ್ವಿ?"

ರಿಯಾಜ ಫೋನಿನ ನಕ್ಷೆಯತ್ತ ಬಗ್ಗಿದ. ಏಸಿ ಹಾಕಿದ್ದರೂ ಅವನ ಕುತ್ತಿಗೆ ಬೆವೆತಿತ್ತು. ನಿಜ ಹೇಳುವವನಿಗೆ ಈ ತಂಪಿನಲ್ಲಿ ಬೆವರೇಕೆ ಎಂದು ಇಸ್ಮಾಯಿಲಸಾಬ ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡರು.

ಆಗ ಫೋನ್ ಬಂತು. ಒಬ್ಬ ಹೆಂಗಸಿನ ದನಿ, ಗಡಿಬಿಡಿಯಲ್ಲಿ ಏನೋ ಹೇಳಿತು. ಇಸ್ಮಾಯಿಲಸಾಬರಿಗೆ ಅದರಲ್ಲಿ ಒಂದೇ ಒಂದು ಮಾತು ತಿಳಿಯಿತು. ನಾಳಿ. ರಿಯಾಜನೂ ತಿರುಗಿ ಅದನ್ನೇ ಅಂದ. ಅವಳು ಮತ್ತೆ ನಾಳಿ, ಇವನು ಮತ್ತೆ ನಾಳಿ. ಮಾವನ ಕಡೆ ಒಮ್ಮೆ ಓರೆಗಣ್ಣಿನಲ್ಲಿ ನೋಡಿ ರಿಯಾಜ ಫೋನ್ ಇಟ್ಟ.

ಇಸ್ಮಾಯಿಲಸಾಬರಿಗೆ ಎಲ್ಲವೂ ಹೊಳೆದಂತಾಯಿತು. ತಮ್ಮನ್ನು ನಾಳೆಯವರೆಗೆ ತಡೆಯುವ ಮಾತು ನಡೆದಿದೆ. ಆಪರೇಷನ್ ಎಂದೋ ಮುಗಿದಿದೆ, ಆಗಬಾರದ್ದು ಆಗಿದೆ. ಅಳಿಯನಿಗೆ ‘ರಿ’ ಹಚ್ಚಿ ಮಾತಾಡುವ ರೂಢಿ ಅಲ್ಲಿಗೆ ಕಳಚಿ ಬಿತ್ತು.

"ಏನ್ ಮಾಡಿದಿ ನನ್ನ ಮಗಳನ್ನ?"

"ಮಾಮಾ?"

"ಆಕಿ ಜೀವಂತ ಅದಾಳೋ ಇಲ್ಲೋ ಹೇಳು."

ಮುಂದೆ ಕೆಂಪು ದೀಪ ಬಿತ್ತು. ಗಾಡಿ ನಿಂತದ್ದೇ ತಡ, ಇಸ್ಮಾಯಿಲಸಾಬ ಬಾಗಿಲು ತೆರೆದು ಇಳಿದೇಬಿಟ್ಟರು. ಆರು ಸಾಲು ಗಾಡಿಗಳ ನಡುವೆ ಕೈ ಅಡ್ಡ ಹಿಡಿದು, ರೋಣದ ಬಸ್‌ಸ್ಟ್ಯಾಂಡಿನಲ್ಲಿ ದಾಟುವ ಹಾಗೆ ದಾಟಿದರು. ಕಂಡ ಕಂಡವರಿಗೆ "ದವಾಖಾನಿ, ದವಾಖಾನಿ" ಎನ್ನುತ್ತ ಹೊಟ್ಟೆ ಉಬ್ಬಿದಂತೆ ಕೈಸನ್ನೆ ಮಾಡಿದರು. ಒಬ್ಬ ಅಜ್ಜಿ ಅವರಿಗೆ ಹೊಟ್ಟೆಶೂಲೆ ಎಂದು ತಿಳಿದು ಬಿಸಿನೀರು ಕೊಟ್ಟಳು. ಗಾಡಿಯನ್ನು ನಡುರಸ್ತೆಯಲ್ಲೇ ಬಿಟ್ಟು ರಿಯಾಜ ಓಡಿ ಬಂದ. ಅವನ ಬೆನ್ನಿಗೇ ಪೊಲೀಸನೂ ಬಂದ.

ಪೊಲೀಸ ಲೈಸೆನ್ಸ್ ನೋಡಿದ, ಬರೆದುಕೊಂಡ, ಎಲ್ಲೋ ಫೋನ್ ಹಚ್ಚಿದ. ಅದಕ್ಕೆಲ್ಲ ಮುಕ್ಕಾಲು ತಾಸು ಹೋಯಿತು. ಅಷ್ಟು ಹೊತ್ತೂ ಇಸ್ಮಾಯಿಲಸಾಬ ಅಳಿಯನ ಮುಖದಿಂದ ಕಣ್ಣು ಕೀಳಲಿಲ್ಲ.

"ಫೋನಿನಾಗ ಆ ಹೆಣ್ಣಮಗಳಿಗೆ ನಾಳಿ ನಾಳಿ ಅಂದ್ಯಲ್ಲ, ನಾಳಿ ಏನದ?"

ರಿಯಾಜ ಮೊದಲು ಬಾಯಿ ಬಿಟ್ಟು ನೋಡಿದ. ಆಮೇಲೆ ಫುಟ್‌ಪಾತಿನ ಮೇಲೆ ಕುಸಿದು ಕೂತ.

"ನಾಲಿ ರಿ ಮಾಮಾ. ಇವರ ಮಾತಿನಾಗ ಎಲ್ಲಿ ಅಂತ. ನರ್ಸ್ ಎಲ್ಲಿ ಅದೀರಿ ಅಂತ ಕೇಳಿದ್ಲು, ನಾ ಗೇಟ್ ಎಲ್ಲಿ ಅಂದ್ನಿ. ಯಾಸ್ಮಿನ ನಿಮ್ಮ ಸಲುವಾಗಿ ಹಟ ಹಿಡಿದಾಳಂತ, ಲಗೂ ಬರ್ರಿ ಅಂದ್ಲು. ಖರೇ ಅಂದ್ರ ನನಗೂ ಹಾದಿ ಗೊತ್ತಿಲ್ರಿ. ನಾ ಇರೂದು ಇಲ್ಲಿಂದ ದೂರದ ಸಣ್ಣ ಊರಾಗ. ಲೈಸೆನ್ಸ್ ಬಂದು ಎರಡ ತಿಂಗಳಾತು. ದಿನಾ ರೈಲಿನಾಗ ಬರ್ತಿದ್ನಿ. ಮದವಿಯಾಗ ನೀವು ನಾಕ ಮಂದಿ ಮುಂದ ಗಾಡಿ ಹೊಡಿಯಾಕ ಬರದ ಅಳಿಯ ಅಂದಿದ್ರಲ್ಲ. ಅದಕ್ಕ ಆಫೀಸಿನ ಗಾಡಿ ಕೇಳಿ ತಂದೆ."

ಆ ಮಾತು ಆಡಿದ್ದು ಇಸ್ಮಾಯಿಲಸಾಬರಿಗೆ ನೆನಪೇ ಇರಲಿಲ್ಲ. ನಾಚಿಕೆಗೆ ಕಿವಿ ಬಿಸಿಯಾಯಿತು. ಗಾಡಿಯನ್ನು ಪೊಲೀಸನ ವಶಕ್ಕೆ ಬಿಟ್ಟು ಇಬ್ಬರೂ ಮೆಟ್ರೋ ಹತ್ತಿದರು. ಹನ್ನೆರಡೇ ನಿಮಿಷದಲ್ಲಿ ದವಾಖಾನೆ ಬಂತು.

ಯಾಸ್ಮಿನಳನ್ನು ಆಗಲೇ ಒಳಗೆ ಒಯ್ದಿದ್ದರು. ನಾಲ್ಕೂ ಹತ್ತಾಗಿತ್ತು. ಮುಚ್ಚಿದ ಬಾಗಿಲ ಮುಂದೆ ಇಸ್ಮಾಯಿಲಸಾಬ ನಿಂತೇ ಇದ್ದರು. ಮಗಳು ಕೇಳಿದ್ದು ಒಂದೇ ಒಂದು. ಅದನ್ನು ಕೊಡದಂತೆ ಮಾಡಿದ್ದು ಊರಿನ ಟ್ರಾಫಿಕ್ಕೂ ಅಲ್ಲ, ಅಳಿಯನೂ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಐದೂವರೆಗೆ ಹೆಣ್ಣು ಮಗು ಎಂದು ಹೇಳಿದರು. ಇನ್ನೊಂದು ತಾಸಿಗೆ ಯಾಸ್ಮಿನಳನ್ನು ವಾರ್ಡಿಗೆ ತಂದರು. ತುಟಿ ಒಣಗಿತ್ತು, ಕಣ್ಣು ಅರ್ಧ ತೆರೆದಿತ್ತು. ಆ ಕಣ್ಣುಗಳು ಅಪ್ಪನನ್ನು ಹುಡುಕಿ ಹಿಡಿದವು.

"ಅಪ್ಪಾ, ನಾ ಭಾಳ ದಾರಿ ಕಾದೆ. ನೀ ಯಾಕ ಬರಲಿಲ್ಲ?"

ಇಸ್ಮಾಯಿಲಸಾಬ ಬಾಯಿ ತೆರೆಯುವಷ್ಟರಲ್ಲಿ ರಿಯಾಜನೇ ಮುಂದೆ ಬಂದ.

"ಬಂದಿದ್ರಲ್ಲ. ನಿನ್ನ ಒಳಗ ಒಯ್ಯೂ ಮುಂದ ಮಾಮಾ ಇಲ್ಲೇ ಬಾಜೂಕ ನಿಂತು ನಿನ್ನ ಕೈ ಹಿಡಿದಿದ್ರು. ಔಷಧದ ಗುಂಗಿನಾಗ ನಿನಗ ನೆನಪಿಲ್ಲ."

ಮಧ್ಯಾಹ್ನದಿಂದ ಇಸ್ಮಾಯಿಲಸಾಬ ಅಳಿಯನ ಬಾಯಿಂದ ಹಿಡಿಯಲು ಕಾದಿದ್ದ ಸುಳ್ಳು ಇದೊಂದೇ. ಅವರು ಮಗಳ ಕೈ ಹಿಡಿದುಕೊಂಡರು.

"ಹೌದವಾ," ಎಂದರು, "ಇಲ್ಲೇ ಇದ್ನಿ."